ಅಮೆರಿಕದ ಚರ್ಚುಗಳ ಕರಮುಕ್ತಿಯೂ ರಾಜಕಾರಣದ ಮೇರೆಯೂ

೧

ಧರ್ಮಸಂಸ್ಥೆಗಳಿಗೆ ಅರಸನು ಭೂಮಿಯನ್ನು ಬಿಟ್ಟುಕೊಟ್ಟು, ಆ ಭೂಮಿಯಿಂದ ತನಗೆ ಬರತಕ್ಕ ಸುಂಕ ತೆರಿಗೆಗಳನ್ನೂ ಬಿಟ್ಟುಬಿಡುವ ಪದ್ಧತಿಯು ನಮ್ಮ ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ‘ಸರ್ವಮಾನ್ಯ’, ‘ಸರ್ವನಮಸ್ಯ’, ‘ಸರ್ವಬಾಧಾಪರಿಹಾರ’ ಎಂಬ ಮಾತುಗಳು ಕನ್ನಡ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಶಾಸನಗಳ ಕೊನೆಯಲ್ಲಿರುವ ಶಾಪವಾಕ್ಯಗಳನ್ನು ನಿದಾನವಾಗಿ ಗಮನಿಸಿದರೆ ಒಂದು ಸಂಗತಿಯು ತೋರುತ್ತದೆ. ಅವು ಕಟ್ಟುವುದು ಕೊಟ್ಟವನ ಕಡೆಯವರನ್ನು. ಮುಂದೆ ಬರುವ ಅರಸನಾಗಲಿ ಅಧಿಕಾರಿಯಾಗಲಿ ದತ್ತಿಯನ್ನು ಅಪಹರಿಸಬಾರದೆಂಬುದೇ ಅವುಗಳ ತಾತ್ಪರ್ಯ. ದತ್ತಿಯನ್ನು ಪಡೆದವನನ್ನು ಕಟ್ಟುವ ಮಾತು ಅಪರೂಪ.

ಅಪರೂಪವಾದರೂ ಅಂಥದು ಇಲ್ಲದೆ ಇಲ್ಲ. ವಾಕಾಟಕ ವಂಶದ ಎರಡನೆಯ ಪ್ರವರಸೇನನು ಐದನೆಯ ಶತಮಾನದಲ್ಲಿ ಸಾವಿರ ಮಂದಿ ಬ್ರಾಹ್ಮಣರಿಗೆ ಒಂದು ಗ್ರಾಮವನ್ನು ಕೊಟ್ಟ ಚಮ್ಮಕ್ ತಾಮ್ರಶಾಸನದಲ್ಲಿ ಪ್ರತಿಗ್ರಾಹಿಗಳ ಮೇಲೆಯೇ ಸಮಯಗಳನ್ನು ವಿಧಿಸಿದೆ. ಅವರು ಸಪ್ತಾಂಗವಾದ ರಾಜ್ಯಕ್ಕೆ ದ್ರೋಹವೆಣಿಸಬಾರದು, ಬ್ರಹ್ಮಹತ್ಯೆ ಕಳವು ಮೊದಲಾದ ಪಾತಕಗಳಿಗೆ ಇಳಿಯಬಾರದು, ಯುದ್ಧ ಮಾಡಬಾರದು, ಬೇರೆ ಗ್ರಾಮಗಳಿಗೆ ಕೇಡು ಮಾಡಬಾರದು. ಹೀಗೆ ನಡೆದುಕೊಳ್ಳುವವರೆಗೆ ದತ್ತಿಯು ನಿಲ್ಲುತ್ತದೆ; ತಪ್ಪಿದರೆ ಭೂಮಿಯನ್ನು ಹಿಂದಕ್ಕೆ ತೆಗೆದುಕೊಂಡ ಅರಸನಿಗೆ ಕಳವಿನ ದೋಷವಿಲ್ಲ.

ರಾಜ್ಯವು ಧರ್ಮಸಂಸ್ಥೆಯಿಂದ ಕರವನ್ನು ಬೇಡದೆ ಬಿಟ್ಟಾಗ ಅದಕ್ಕೆ ಪ್ರತಿಯಾಗಿ ಏನನ್ನಾದರೂ ಬೇಡಬಹುದೆ? ಬೇಡಿದರೆ ಆ ಬೇಡಿಕೆಯ ಸ್ವರೂಪವೇನು? ಇದೇ ಪ್ರಶ್ನೆಯು ಬೇರೊಂದು ಕಾಲದಲ್ಲಿ ಬೇರೊಂದು ದೇಶದಲ್ಲಿ, ಎಂದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ೧೯೫೪ರಿಂದ ಈಚೆಗೆ ದೊಡ್ಡ ವಿವಾದಕ್ಕೆ ಕಾರಣವಾಗಿದೆ. ಅಲ್ಲಿ ಚರ್ಚುಗಳಿಗೆ ವರಮಾನ ತೆರಿಗೆ ಇಲ್ಲ. ಆದರೆ ಚುನಾವಣೆಗೆ ನಿಂತ ಯಾವ ಉಮೇದುವಾರನ ಪರವಾಗಿಯೂ ವಿರೋಧವಾಗಿಯೂ ಅವು ಪ್ರಚಾರಕ್ಕೆ ಇಳಿಯಕೂಡದೆಂಬ ಕಟ್ಟು ಉಂಟು. ಇದು ಧರ್ಮೋಪದೇಶದ ಬಾಯಿಗೆ ಹಾಕಿದ ಬೀಗವೆಂದು ಒಂದು ಪಕ್ಷ. ಧರ್ಮವನ್ನೂ ರಾಜ್ಯವನ್ನೂ ಬೇರ್ಪಡಿಸುವ ಗೋಡೆಯ ಕಲ್ಲೆಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ಆ ವಾಕ್ಯದ ರೂಪವನ್ನು ಸಾಕಷ್ಟು ವಿಚಾರಿಸಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದು ನಿಷೇಧವಾಕ್ಯವಲ್ಲ, ಪರ್ಯುದಾಸವಾಕ್ಯ. ಈ ಭೇದವನ್ನು ಹಿಡಿದರೆ ಆ ಕಾಯಿದೆಯ ಚರಿತ್ರೆಯೂ, ೨೦೨೫ರಲ್ಲಿ ಅದಕ್ಕೆ ಹೇಳಿದ ಹೊಸ ಅರ್ಥದಲ್ಲಿ ಅಡಗಿರುವ ಅಪಾಯವೂ ಸ್ಪಷ್ಟವಾಗುತ್ತವೆ.

೨

ಮೊದಲು ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕದ ಪಾದ್ರಿಗಳು ಆದಿಯಿಂದಲೂ ರಾಜಕಾರಣದಲ್ಲಿ ಮೌನವಾಗಿದ್ದವರಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ೧೬೩೪ರಿಂದ ೧೮೮೪ರ ವರೆಗೆ ಚುನಾವಣೆಯ ದಿನದಂದು ಗವರ್ನರನ ಮುಂದೆ ಪಾದ್ರಿಯೊಬ್ಬನು ಧರ್ಮೋಪದೇಶ ಮಾಡುವ ಸಂಪ್ರದಾಯವಿತ್ತು. ೧೮೦೦ರಲ್ಲಿ ಥಾಮಸ್ ಜೆಫರ್ಸನ್ ಅಧ್ಯಕ್ಷಪದವಿಗೆ ನಿಂತಾಗ ನ್ಯೂಯಾರ್ಕಿನ ವಿಲಿಯಂ ಲಿನ್ ಎಂಬ ಪಾದ್ರಿಯು ಅವನ ಮತವಿಚಾರವನ್ನು ಖಂಡಿಸಿ, ಇಂಥವನನ್ನು ಆರಿಸಕೂಡದೆಂದು ಒಂದು ಪುಸ್ತಿಕೆಯನ್ನೇ ಅಚ್ಚುಹಾಕಿಸಿದನು. ೧೮೫೪ರಲ್ಲಿ ಗುಲಾಮಗಿರಿಯನ್ನು ಹೊಸ ಪ್ರದೇಶಗಳಿಗೆ ಹರಡಲು ಎಡೆಗೊಡುವ ಮಸೂದೆಯೊಂದು ಬಂದಾಗ ನ್ಯೂ ಇಂಗ್ಲೆಂಡಿನ ೩,೦೫೦ ಮಂದಿ ಪಾದ್ರಿಗಳು ಅದನ್ನು ವಿರೋಧಿಸಿ ಸೆನೆಟ್ ಸಭೆಗೆ ವಿಜ್ಞಾಪನೆ ಕಳುಹಿಸಿದರು.

ಆ ಕಾಲದಲ್ಲಿ ಪಾದ್ರಿಗಳ ವಿಷಯದಲ್ಲಿ ರಾಜ್ಯಕ್ಕೆ ಶಂಕೆ ಇರಲಿಲ್ಲವೆಂದಲ್ಲ. ನ್ಯೂಯಾರ್ಕಿನ ೧೭೭೭ರ ರಾಜ್ಯಾಂಗವು ಪಾದ್ರಿಗಳು ಯಾವ ಸರಕಾರಿ ಅಧಿಕಾರವನ್ನೂ ಹಿಡಿಯಬಾರದೆಂದು ವಿಧಿಸಿತ್ತು. ಇಂಥ ನಿಯಮಗಳು ಹಲವು ಪ್ರಾಂತಗಳಲ್ಲಿದ್ದು ಕ್ರಮೇಣ ಅಳಿದುಹೋದವು. ಟೆನೆಸೀ ಪ್ರಾಂತದಲ್ಲಿ ಉಳಿದುಕೊಂಡಿದ್ದುದನ್ನು ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಹಳೆಯ ಶಂಕೆಯು ಪಾದ್ರಿಯ ಪದವಿಯನ್ನು ತಡೆಯಿತೇ ಹೊರತು ಅವನ ನಾಲಗೆಯನ್ನು ತಡೆಯಲಿಲ್ಲ. ಮತ್ತು ಆ ತಡೆಗೂ ಕರಮುಕ್ತಿಗೂ ಯಾವ ನಂಟೂ ಇರಲಿಲ್ಲ.

ಕರಮುಕ್ತಿಯ ಚರಿತ್ರೆಯು ಬೇರೊಂದು ದಾರಿಯಲ್ಲಿ ನಡೆದುಬಂದಿತು. ಚರ್ಚುಗಳ ಕಟ್ಟಡಗಳ ಮೇಲೆ ಆಸ್ತಿತೆರಿಗೆ ಹಾಕದಿರುವುದು ವಸಾಹತುಗಳ ಕಾಲದಿಂದಲೂ ರೂಢಿ. ಅದನ್ನು ಪ್ರಶ್ನಿಸಿದವರೂ ಇದ್ದರು. ೧೮೭೫ರ ಡಿಸೆಂಬರಿನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟನು ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ, ತೆರಿಗೆ ಕೊಡದ ಚರ್ಚಿನ ಆಸ್ತಿಯು ೧೮೫೦ರಲ್ಲಿ ಸುಮಾರು ೮ ಕೋಟಿ ೩೦ ಲಕ್ಷ ಡಾಲರಾಗಿದ್ದದ್ದು ೧೮೭೫ರ ಹೊತ್ತಿಗೆ ಸುಮಾರು ೧೦೦ ಕೋಟಿಯಾಯಿತೆಂದೂ, ತಡೆಯದಿದ್ದರೆ ೧೯೦೦ರ ಹೊತ್ತಿಗೆ ೩೦೦ ಕೋಟಿಯನ್ನು ಮೀರುವುದೆಂದೂ ಎಣಿಕೆಮಾಡಿ, ಸ್ಮಶಾನಭೂಮಿಗಳನ್ನೂ ಮಿತಿಗೊಳಪಟ್ಟಂತೆ ಚರ್ಚುಗಳ ಕಟ್ಟಡಗಳನ್ನೂ ಬಿಟ್ಟು ಉಳಿದ ಆಸ್ತಿಯ ಮೇಲೆಲ್ಲ ತೆರಿಗೆ ಹಾಕಬಹುದೆಂದು ಸೂಚಿಸಿದನು. ಸೂಚನೆಯು ಸೂಚನೆಯಾಗಿಯೇ ಉಳಿಯಿತು.

ವರಮಾನ ತೆರಿಗೆಯ ಕಾಯಿದೆಗಳಲ್ಲಿ ೧೮೯೪ರಿಂದಲೇ ಧರ್ಮ, ದಾನ, ವಿದ್ಯೆ ಇವುಗಳಿಗಾಗಿ ಏರ್ಪಟ್ಟ ಸಂಸ್ಥೆಗಳನ್ನು ಬಿಟ್ಟಿದ್ದರು. ಆ ಕಾಯಿದೆಯು ೧೮೯೫ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋದರೂ ಬಿಡುಗಡೆಯ ಮಾತು ೧೯೦೯ರ ಮತ್ತು ೧೯೧೩ರ ಕಾಯಿದೆಗಳಲ್ಲಿ ಮರಳಿ ಬಂದಿತು. ೧೯೧೭ರಲ್ಲಿ ಇನ್ನೊಂದು ಅನುಕೂಲ ಸೇರಿತು: ಇಂಥ ಸಂಸ್ಥೆಗೆ ಕೊಟ್ಟ ದಾನದ ಮೊತ್ತವನ್ನು ದಾನಿಯು ತನ್ನ ತೆರಿಗೆಗೆ ಒಳಪಡುವ ವರಮಾನದಿಂದ ಕಳೆದುಕೊಳ್ಳಬಹುದೆಂದು ವಿಧಿಸಿದರು. ಇವೆರಡು ಬೇರೆ ಬೇರೆ ವಿಷಯಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮೊದಲನೆಯದು ಸಂಸ್ಥೆಯ ಬೊಕ್ಕಸಕ್ಕೆ ಸಂಬಂಧಿಸಿದ್ದು. ಎರಡನೆಯದು ದಾನಿಯ ಕೈಗೆ ಸಂಬಂಧಿಸಿದ್ದು. ಮುಂದಿನ ವಿವಾದದ ಬಿಸಿಯೆಲ್ಲ ಎರಡನೆಯದರಲ್ಲಿದೆ.

ಬಿಡುಗಡೆಯ ಜೊತೆಗೆ ಕಟ್ಟೂ ಸ್ವಲ್ಪಸ್ವಲ್ಪವಾಗಿ ಬೆಳೆಯಿತು. ಪಕ್ಷಪಾತದ ಪ್ರಚಾರಕ್ಕಾಗಿ ಹುಟ್ಟಿದ ಸಂಘವು ವಿದ್ಯಾಸಂಸ್ಥೆಯಾಗಲಾರದೆಂದು ೧೯೧೯ರಲ್ಲಿ ಖಜಾನೆಯ ಇಲಾಖೆಯು ನಿಯಮ ಮಾಡಿತು. ಸಂತಾನನಿಯಂತ್ರಣವನ್ನು ಪ್ರತಿಪಾದಿಸುತ್ತಿದ್ದ ಒಂದು ಸಂಘಕ್ಕೆ ಕೊಟ್ಟ ದಾನದ ಮೊಕದ್ದಮೆಯಲ್ಲಿ ೧೯೩೦ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡರು, ರಾಜಕೀಯ ಚಳವಳಿಯು ಈ ಬಿಡುಗಡೆಯ ವ್ಯಾಪ್ತಿಗೆ ಹೊರಗೆಂದೂ, ಅಂಥ ಚಳವಳಿ ನಡೆಸುವವರು ಸಾರ್ವಜನಿಕ ಹಣದ ನೆರವಿಲ್ಲದೆ ನಡೆಸತಕ್ಕದ್ದೆಂದೂ ತೀರ್ಪಿತ್ತರು. ೧೯೩೪ರ ಕಾಯಿದೆಯು, ಸಂಸ್ಥೆಯ ಕಾರ್ಯದ ‘ಗಣನೀಯ ಭಾಗವು’ ಶಾಸನಸಭೆಯ ಮೇಲೆ ಪ್ರಭಾವ ಬೀರುವ ಯತ್ನವಾಗಿರಬಾರದೆಂದು ಹೇಳಿತು. ಆಗ ಸೆನೆಟ್ ಸಭೆಯು ಪಕ್ಷರಾಜಕಾರಣವನ್ನೂ ಅದೇ ವಾಕ್ಯದಲ್ಲಿ ಸೇರಿಸಿತ್ತು. ಎರಡು ಸಭೆಗಳ ಸಂಧಾನದಲ್ಲಿ ಆ ಭಾಗವು ಬಿಟ್ಟುಹೋಯಿತು. ಬಿಟ್ಟದ್ದು ಮತ್ತೆ ಬರಲು ಇಪ್ಪತ್ತು ವರ್ಷ ಹಿಡಿಯಿತು.

೩

೧೯೫೪ರಲ್ಲಿ ಅಮೆರಿಕದವರು ತಮ್ಮ ತೆರಿಗೆಯ ಸಂಹಿತೆಯನ್ನೆಲ್ಲ ಹೊಸದಾಗಿ ರಚಿಸುತ್ತಿದ್ದರು. ಟೆಕ್ಸಾಸ್ ಪ್ರಾಂತದ ಲಿಂಡನ್ ಜಾನ್ಸನ್ ಆಗ ಸೆನೆಟಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ನಾಯಕನಾಗಿದ್ದನು. ಆ ಪಕ್ಷವು ಆಗ ಅಲ್ಪಸಂಖ್ಯಾತವಾಗಿತ್ತು. ಮುಂದೆ ೧೯೬೩ರಲ್ಲಿ ಅಧ್ಯಕ್ಷನಾದವನೂ ಇವನೇ. ಆ ವರ್ಷ ಅವನು ಮರುಚುನಾವಣೆಗೆ ನಿಂತಿದ್ದನು. ಸ್ವಪಕ್ಷದಲ್ಲಿಯೇ ಡಡ್ಲಿ ಡೌಗರ್ಟಿ ಎಂಬವನು ಅವನಿಗೆ ಎದುರಾಳಿಯಾಗಿದ್ದನು. ಎಣ್ಣೆಯ ವ್ಯಾಪಾರದಿಂದ ಧನಿಕನಾದ ಎಚ್. ಎಲ್. ಹಂಟನು ನಡೆಸುತ್ತಿದ್ದ ‘ಫ್ಯಾಕ್ಟ್ಸ್ ಫೋರಮ್’ ಎಂಬ ಸಂಸ್ಥೆಯೂ ‘ಕಮಿಟಿ ಫಾರ್ ಕಾನ್ಸ್ಟಿಟ್ಯೂಷನಲ್ ಗವರ್ನಮೆಂಟ್’ ಎಂಬ ಇನ್ನೊಂದು ಸಂಸ್ಥೆಯೂ ಕಮ್ಯೂನಿಸ್ಟ್ ವಿರೋಧದ ಹೆಸರಿನಲ್ಲಿ ಅವನಿಗೆ ಪ್ರತಿಕೂಲವಾದ ಪ್ರಚಾರವನ್ನು ನಡೆಸುತ್ತಿದ್ದುವು. ಎರಡೂ ಕರಮುಕ್ತ ಸಂಸ್ಥೆಗಳು. ಅದೇ ಕಾಲದಲ್ಲಿ ಕಾಂಗ್ರೆಸ್ಸಿನ ಒಂದು ಸಮಿತಿಯು ಇಂಥ ಧರ್ಮಾದಾಯ ನಿಧಿಗಳ ವ್ಯವಹಾರವನ್ನು ವಿಚಾರಣೆ ಮಾಡುತ್ತಿತ್ತು.

ಜುಲೈ ೨ನೆಯ ತಾರೀಖು ಜಾನ್ಸನನು ಸಭೆಯಲ್ಲಿ ಎದ್ದು ನಿಂತು ಒಂದು ತಿದ್ದುಪಡಿಯನ್ನು ತಂದನು. ಶಾಸನಸಭೆಯ ಮೇಲೆ ಪ್ರಭಾವ ಬೀರುವವರಿಗೆ ಕರಮುಕ್ತಿಯನ್ನು ತಪ್ಪಿಸುವ ನಿಯಮವನ್ನು ಉಮೇದುವಾರರ ಪರವಾಗಿ ಪ್ರಚಾರಕ್ಕೆ ಇಳಿಯುವವರಿಗೂ ವಿಸ್ತರಿಸುವುದೇ ಇದರ ಉದ್ದೇಶವೆಂದನು. ವಿಚಾರಣೆ ನಡೆಯಲಿಲ್ಲ; ಚರ್ಚೆ ನಡೆಯಲಿಲ್ಲ; ಬಾಯಿಮಾತಿನ ಸಮ್ಮತಿಯಿಂದ ತಿದ್ದುಪಡಿಯು ಅಂಗೀಕೃತವಾಯಿತು. ಆಗಸ್ಟ್ ೧೬ರಂದು ಅಧ್ಯಕ್ಷ ಐಸೆನ್‌ಹೋವರನು ಸಂಹಿತೆಗೆ ಅಂಕಿತ ಹಾಕಿದನು. ಚರ್ಚೆಂಬ ಶಬ್ದವನ್ನು ಅಂದು ಯಾರೂ ಆಡಲಿಲ್ಲ. ಧನಿಕರ ಪ್ರಚಾರಸಂಸ್ಥೆಗಳಿಗೆ ಬೀಸಿದ ಬಲೆಯಲ್ಲಿ ಚರ್ಚುಗಳೂ ಸಿಕ್ಕವು. ಏಕೆಂದರೆ ಧರ್ಮಸಂಸ್ಥೆ, ದಾನಸಂಸ್ಥೆ, ವಿದ್ಯಾಸಂಸ್ಥೆಗಳನ್ನು ಒಂದೇ ವಾಕ್ಯದಲ್ಲಿ ಮೊದಲೇ ಹೆಣೆದಿದ್ದರು.

ಇದರಿಂದ ಎರಡು ಪ್ರಚಲಿತ ಮಾತುಗಳು ನಿಲ್ಲದೆ ಹೋಗುತ್ತವೆ. ಚರ್ಚುಗಳ ಬಾಯಿ ಮುಚ್ಚಿಸಲೆಂದೇ ಈ ಕಾಯಿದೆ ಹುಟ್ಟಿತೆಂಬುದು ನಿಲ್ಲದು. ಅಮೆರಿಕದ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯಿಂದಲೇ ಇದು ಇಳಿದುಬಂತೆಂಬುದೂ ನಿಲ್ಲದು. ಇದು ಕೇವಲ ತೆರಿಗೆಯ ಕಾಯಿದೆ. ಒಬ್ಬ ಉಮೇದುವಾರನ ಸ್ವಹಿತದಿಂದ ಹುಟ್ಟಿದ್ದು. ಆದರೆ ಹುಟ್ಟಿದ ಕಾರಣವು ಕ್ಷುದ್ರವೆಂದಮಾತ್ರಕ್ಕೆ ನಿಯಮವು ಕ್ಷುದ್ರವಾಗುವುದಿಲ್ಲ. ವಾಕ್ಯದ ಅರ್ಥವನ್ನು ವಾಕ್ಯದಿಂದಲೇ ತಿಳಿಯಬೇಕೆಂಬುದು ಮೀಮಾಂಸಕರ ಮತ.

೪

ಪಾಠಶಾಲೆಯಲ್ಲಿ ಮೀಮಾಂಸೆಯನ್ನು ಓದಿದವರಿಗೆ ‘ನ’ಕಾರದ ವಿಚಾರವು ಪರಿಚಿತವಾದದ್ದು. ನಿಷೇಧಾರ್ಥದ ಶಬ್ದವು ಕ್ರಿಯೆಯ ವಿಧಿಪ್ರತ್ಯಯದೊಡನೆ ಸೇರಿದರೆ ಅದು ಪ್ರತಿಷೇಧ. ಕಲಂಜವನ್ನು ತಿನ್ನಬಾರದೆಂಬುದು ಇದಕ್ಕೆ ಉದಾಹರಣೆ. ಅಲ್ಲಿ ತಿಂದವನು ದೋಷಭಾಗಿಯಾಗುತ್ತಾನೆ. ಅದೇ ಶಬ್ದವು ಬೇರೊಂದು ಪದದೊಡನೆ ಸೇರಿದರೆ ಅದು ಪರ್ಯುದಾಸ. ಒಂದು ಮಂತ್ರವನ್ನು ಯಾಗಗಳಲ್ಲಿ ಹೇಳಬೇಕೆಂದು ವಿಧಿಯಿದ್ದು, ಅನುಯಾಜಗಳಲ್ಲಿ ಇಲ್ಲವೆಂದು ಇನ್ನೊಂದು ವಾಕ್ಯವಿದ್ದರೆ, ‘ಅನುಯಾಜಗಳಿಂದ ಬೇರೆಯಾದ ಯಾಗಗಳಲ್ಲಿ ಹೇಳಬೇಕು’ ಎಂದು ಎರಡನ್ನೂ ಕೂಡಿಸಿ ಅರ್ಥಮಾಡುತ್ತಾರೆ. ಇಲ್ಲಿ ಅನುಯಾಜವನ್ನು ಯಾರೂ ನಿಂದಿಸಲಿಲ್ಲ. ವಿಧಿಯ ವಿಷಯವನ್ನು ಸಂಕೋಚಗೊಳಿಸಿದರು, ಅಷ್ಟೆ.

ಈ ಕಣ್ಣಿನಿಂದ ಅಮೆರಿಕದ ಸಂಹಿತೆಯ ೫೦೧(ಸಿ)(೩)ನೆಯ ಪ್ರಕರಣವನ್ನು ನೋಡೋಣ. ‘ಚರ್ಚು ರಾಜಕೀಯ ಪ್ರಚಾರ ಮಾಡಬಾರದು’ ಎಂದು ಅದು ಹೇಳುವುದಿಲ್ಲ. ಕರಮುಕ್ತವಾದ ಸಂಸ್ಥೆಗಳು ಯಾವುವೆಂದು ಲಕ್ಷಣ ಹೇಳುತ್ತ ಹೋಗುತ್ತದೆ: ಧರ್ಮ, ದಾನ, ವಿದ್ಯೆ ಮೊದಲಾದ ಉದ್ದೇಶಗಳಿಗೆ ಮಾತ್ರ ಏರ್ಪಟ್ಟದ್ದು, ಲಾಭವನ್ನು ಖಾಸಗಿಯವರಿಗೆ ಹಂಚದೆ ಇರತಕ್ಕದ್ದು, ಶಾಸನಸಭೆಯನ್ನು ಒಲಿಸುವುದರಲ್ಲಿ ಗಣನೀಯವಾಗಿ ತೊಡಗದೆ ಇರತಕ್ಕದ್ದು, ಉಮೇದುವಾರನ ಪರವಾದ ಪ್ರಚಾರದಲ್ಲಿ ಭಾಗವಹಿಸದೆ, ಕೈಹಾಕದೆ ಇರತಕ್ಕದ್ದು. ೧೯೮೭ರಲ್ಲಿ ‘ವಿರೋಧವಾದ’ ಎಂಬುದನ್ನೂ ಸ್ಪಷ್ಟವಾಗಿ ಸೇರಿಸಿದರು. ಇದೆಲ್ಲವೂ ಅಧಿಕಾರಿಯ ಲಕ್ಷಣ. ಕರಮುಕ್ತಿಯೆಂಬ ಫಲಕ್ಕೆ ಯಾರು ಅರ್ಹರೆಂಬ ನಿರ್ಣಯ. ಉಮೇದುವಾರನ ಪರವಾಗಿ ಮಾತಾಡಿದ ಚರ್ಚು ಅಪರಾಧಿಯಲ್ಲ. ಆ ಲಕ್ಷಣದ ಹೊರಗೆ ಹೋಯಿತು, ಅಷ್ಟೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ೧೯೮೭ರಲ್ಲಿಯೇ, ಕರಮುಕ್ತ ಸಂಸ್ಥೆಯು ರಾಜಕೀಯಕ್ಕೆ ವೆಚ್ಚಮಾಡಿದರೆ ಆ ವೆಚ್ಚದ ಮೇಲೆ ಶೇಕಡ ೧೦ರಂತೆ ಬೇರೊಂದು ತೆರಿಗೆಯನ್ನೂ ವಿಧಿಸಿದರಷ್ಟೆ. ಹೀಗಿರಲಾಗಿ ಇದು ದಂಡವಲ್ಲವೆ, ದಂಡವಿದ್ದಲ್ಲಿ ನಿಷೇಧವಿಲ್ಲವೆ, ಎಂದು ಕೇಳಬಹುದು. ಸಮಾಧಾನವೇನೆಂದರೆ, ಆ ತೆರಿಗೆಯೂ ಬೀಳುವುದು ಕರಮುಕ್ತ ನಿಧಿಯಿಂದ ಹೊರಟ ಹಣದ ಮೇಲೆ. ಅದೇ ಜನರು ಬೇರೆ ನಿಧಿಯಿಂದ, ಬೇರೆ ಸಂಘದ ಮೂಲಕ, ಅದೇ ಮಾತನ್ನು ಹೇಳಿದರೆ ಆ ತೆರಿಗೆಯಿಲ್ಲ. ಆದುದರಿಂದ ಅಲ್ಲಿಯೂ ವಿಷಯವು ದ್ರವ್ಯವೇ ಹೊರತು ವಾಕ್ಕಲ್ಲ.

ನಿಯಮದ ಮೇರೆಯನ್ನೂ ಹೇಳಿಬಿಡಬೇಕು. ಯುದ್ಧ, ಮದ್ಯ, ಗರ್ಭಪಾತ, ವರ್ಣಭೇದ, ಬಡತನ ಇವುಗಳ ವಿಷಯದಲ್ಲಿ ಪಾದ್ರಿಯು ಏನನ್ನು ಬೇಕಾದರೂ ಹೇಳಬಹುದು. ಪಾದ್ರಿಯು ತನ್ನ ಸ್ವಂತ ವ್ಯಕ್ತಿತ್ವದಲ್ಲಿ ಯಾರನ್ನು ಬೇಕಾದರೂ ಬೆಂಬಲಿಸಬಹುದು. ಕಂದಾಯ ಇಲಾಖೆಯು ೨೦೦೭ರಲ್ಲಿ ೨೧ ಉದಾಹರಣೆಗಳ ಮೂಲಕ ಇದನ್ನು ವಿವರಿಸಿತು. ಉಮೇದುವಾರನು ತನ್ನ ಖರ್ಚಿನಲ್ಲಿ ಹಾಕಿಸಿದ ಜಾಹೀರಾತಿನಲ್ಲಿ ಪಾದ್ರಿಯ ಹೆಸರೂ ಪದವಿಯೂ ಗುರುತಿಗಾಗಿ ಮಾತ್ರವೆಂಬ ಸೂಚನೆಯೊಡನೆ ಬಂದರೆ ದೋಷವಿಲ್ಲ. ಚರ್ಚಿನ ಮಾಸಪತ್ರಿಕೆಯಲ್ಲಿ ಪಾದ್ರಿಯು ಬರೆದರೆ, ಆ ಪುಟದ ಖರ್ಚನ್ನು ಕೈಯಿಂದಲೇ ಕೊಟ್ಟಿದ್ದರೂ, ದೋಷವುಂಟು. ಆರಾಧನೆಯ ಸಮಯದಲ್ಲಿ ಇಂಥ ಉಮೇದುವಾರನಿಗೆ ಓಟು ಕೊಡಿರೆಂದರೆ ದೋಷವುಂಟು. ಸಂಸ್ಥೆಯು ಆಡಿತೋ ಮನುಷ್ಯನು ಆಡಿದನೋ ಎಂಬುದೇ ಇಲ್ಲಿಯ ವಿವೇಚನೆ.

೫

ನ್ಯಾಯಾಲಯಗಳಲ್ಲಿ ಈ ವಿಷಯವು ಎರಡು ಶಾಖೆಯಾಗಿ ಹರಿಯಿತು. ಕರಮುಕ್ತಿಯೆಂದರೇನು, ರಾಜ್ಯದ ದಾನವೋ, ರಾಜ್ಯದ ಅನಾದಾನವೋ? ೧೯೭೦ರಲ್ಲಿ ವಾಲ್ಜ್ ಎಂಬವನು, ಚರ್ಚುಗಳಿಗೆ ಆಸ್ತಿತೆರಿಗೆಯನ್ನು ಬಿಟ್ಟರೆ ಆ ಭಾರವು ತನ್ನಂಥ ನಿವೇಶನದವರ ಮೇಲೆ ಬೀಳುತ್ತದೆ, ಇದು ಬಲವಂತದ ಕಾಣಿಕೆಯೆಂದು ನ್ಯೂಯಾರ್ಕಿನ ತೆರಿಗೆ ಮಂಡಲಿಯ ಮೇಲೆ ತಂದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಮುಖ್ಯ ನ್ಯಾಯಾಧೀಶ ಬರ್ಗರರು, ರಾಜ್ಯವು ಇಲ್ಲಿ ತನ್ನ ಬೊಕ್ಕಸದಿಂದ ಏನನ್ನೂ ಎತ್ತಿ ಕೊಡುತ್ತಿಲ್ಲ, ಚರ್ಚಿನಿಂದ ಬೇಡದೆ ಸುಮ್ಮನಿದೆ, ಅಷ್ಟೆ ಎಂದರು. ಅವರ ಇನ್ನೊಂದು ಹೇತು ಮುಖ್ಯವಾದದ್ದು: ಆಸ್ಪತ್ರೆ, ಪುಸ್ತಕಭಂಡಾರ, ಆಟದ ಮೈದಾನ, ವಿದ್ವತ್ಸಂಘ ಇವುಗಳ ದೊಡ್ಡ ವರ್ಗದಲ್ಲಿ ಚರ್ಚೂ ಒಂದಾಗಿ ನಿಂತಿರುವುದರಿಂದ ಇದು ಧರ್ಮಕ್ಕೆ ಮಾಡಿದ ಪಕ್ಷಪಾತವಲ್ಲ. ಡಗ್ಲಾಸರೊಬ್ಬರು ಮಾತ್ರ ಭಿನ್ನಾಭಿಪ್ರಾಯವಿತ್ತರು.

೧೯೮೩ರ ಮೇ ೨೩ರಂದು ಅದೇ ನ್ಯಾಯಾಲಯವು ಬೇರೊಂದು ಮೊಕದ್ದಮೆಯಲ್ಲಿ, ಕರಮುಕ್ತಿಯೂ ದಾನಿಗೆ ಕೊಡುವ ವಜಾವೂ ತೆರಿಗೆಯ ಮೂಲಕ ನಡೆಯುವ ಸಹಾಯಧನವೇ ಎಂದಿತು. ರಾಜ್ಯವು ವಾಕ್‌ಸ್ವಾತಂತ್ರ್ಯವನ್ನು ತಡೆಯಲಾರದು. ಆದರೆ ಅದಕ್ಕೆ ಹಣ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಮರುದಿನವೇ ಇತ್ತ ಇನ್ನೊಂದು ತೀರ್ಪಿನಲ್ಲಿ, ಮತಧರ್ಮದ ಹೆಸರಿನಲ್ಲಿ ವರ್ಣಭೇದವನ್ನು ಆಚರಿಸುತ್ತಿದ್ದ ಬಾಬ್ ಜೋನ್ಸ್ ವಿಶ್ವವಿದ್ಯಾನಿಲಯಕ್ಕೆ ಕರಮುಕ್ತಿ ಸಲ್ಲದೆಂದಿತು. ಬೇಡದಿರುವುದು ಎಂಬ ೧೯೭೦ರ ಮಾತೂ, ಕೊಡುವುದು ಎಂಬ ೧೯೮೩ರ ಮಾತೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಚರ್ಚು ತನ್ನ ಬೊಕ್ಕಸದ ಕಡೆಯಿಂದ ನೋಡಿದರೆ ಮೊದಲನೆಯದು ಸರಿ. ದಾನಿಯ ವಜಾದ ಕಡೆಯಿಂದ ನೋಡಿದರೆ ಎರಡನೆಯದು ಸರಿ. ರಾಜಕೀಯ ಪಕ್ಷಕ್ಕೋ ಉಮೇದುವಾರನಿಗೋ ಕೊಟ್ಟ ಹಣಕ್ಕೆ ವಜಾ ಇಲ್ಲ. ಚರ್ಚಿನ ಮೂಲಕ ಅದೇ ಹಣ ಹೋದರೆ ವಜಾ ಸಿಕ್ಕುವುದಾದರೆ, ರಾಜ್ಯವು ಒಬ್ಬ ಉಮೇದುವಾರನ ಪ್ರಚಾರಕ್ಕೆ ಪಾಲುದಾರನಾದಂತೆಯೇ ಸರಿ.

ಈ ಸಂಗತಿಯು ಒಂದು ಮೊಕದ್ದಮೆಯಲ್ಲಿ ಕಣ್ಣಿಗೆ ಕಟ್ಟುವಂತೆ ಬಂದಿತು. ೧೯೯೨ರ ಅಕ್ಟೋಬರ್ ೩೦ರಂದು, ಎಂದರೆ ಅಧ್ಯಕ್ಷರ ಚುನಾವಣೆಗೆ ನಾಲ್ಕು ದಿನ ಮುಂಚೆ, ನ್ಯೂಯಾರ್ಕ್ ಪ್ರಾಂತದ ಪಿಯರ್ಸ್ ಕ್ರೀಕ್ ಚರ್ಚು ಎರಡು ವೃತ್ತಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತನ್ನು ಹಾಕಿಸಿ, ಬಿಲ್ ಕ್ಲಿಂಟನ್ನರಿಗೆ ಕ್ರೈಸ್ತರು ಓಟು ಕೊಡುವುದು ಹೇಗೆಂದು ಪ್ರಶ್ನಿಸಿತು. ಪುಟದ ಅಡಿಯಲ್ಲಿ, ಈ ಜಾಹೀರಾತಿಗಾಗಿ ಕೊಡುವ ದಾನಕ್ಕೆ ತೆರಿಗೆಯಲ್ಲಿ ವಜಾ ಉಂಟೆಂದೂ ಅಚ್ಚಾಗಿತ್ತು. ೧೯೯೫ರಲ್ಲಿ ಇಲಾಖೆಯು ಅದರ ಕರಮುಕ್ತಿಯನ್ನು ಕಿತ್ತುಹಾಕಿತು. ನಿಜವಾದ ಚರ್ಚೊಂದು ರಾಜಕಾರಣದ ಕಾರಣದಿಂದ ಕರಮುಕ್ತಿಯನ್ನು ಕಳೆದುಕೊಂಡದ್ದು ಇಲಾಖೆಯ ಚರಿತ್ರೆಯಲ್ಲಿ ಇದೇ ಮೊದಲೆಂದು ಮೇಲ್ಮನವಿಯ ನ್ಯಾಯಾಲಯವೇ ಹೇಳಿದೆ. ೨೦೦೦ದಲ್ಲಿ ಆ ನ್ಯಾಯಾಲಯವು ಇಲಾಖೆಯ ಕ್ರಮವನ್ನು ಎತ್ತಿಹಿಡಿಯಿತು. ಅದರ ಯುಕ್ತಿಯು ಪರ್ಯುದಾಸದ ಯುಕ್ತಿಯೇ ಆಗಿದೆ: ಚರ್ಚಿನ ಧರ್ಮಾಚರಣೆಗೆ ಇದರಿಂದ ತಡೆಯಿಲ್ಲ, ಹೋದದ್ದು ಒಂದು ಅನುಕೂಲ, ರಾಜಕೀಯ ಪ್ರಚಾರವನ್ನು ಬಿಟ್ಟರೆ ಅದು ಮತ್ತೆ ದೊರೆಯಬಹುದು, ಬಿಡದೆ ಮಾತಾಡಬೇಕೆಂದರೆ, ದಾನಿಗಳಿಗೆ ವಜಾ ಇಲ್ಲದ ಬೇರೊಂದು ಸಂಘವನ್ನು ಕಟ್ಟಿ ಅದರ ಮೂಲಕ ಮಾತಾಡುವ ದಾರಿಯುಂಟು.

೬

ವಾಕ್ಯವು ಹೀಗೆ ಸುಸಂಗತವಾಗಿದ್ದರೂ ಅದರ ಪ್ರಯೋಗವು ಸುಸಂಗತವಾಗಿರಲಿಲ್ಲ. ೨೦೦೪ರ ಅಕ್ಟೋಬರ್ ೩೧ರಂದು ಕ್ಯಾಲಿಫೋರ್ನಿಯದ ಪಾಸಡೀನ ನಗರದ ಆಲ್ ಸೇಂಟ್ಸ್ ಚರ್ಚಿನಲ್ಲಿ ನಿವೃತ್ತ ಪಾದ್ರಿ ಜಾರ್ಜ್ ರೀಗಸರು, ಯೇಸುವು ಬುಷ್ ಮತ್ತು ಕೆರಿ ಇಬ್ಬರೊಡನೆಯೂ ವಾದ ಮಾಡಿದ್ದರೆ ಏನು ಹೇಳುತ್ತಿದ್ದನೆಂಬುದನ್ನು ವಿಷಯವಾಗಿಟ್ಟುಕೊಂಡು ಉಪದೇಶಿಸಿದರು. ಯಾರಿಗೆ ಓಟು ಕೊಡಬೇಕೆಂದು ತಾವು ಹೇಳುವುದಿಲ್ಲವೆಂದು ಮೊದಲೇ ತಿಳಿಸಿದ್ದರೂ ಇರಾಕಿನ ಯುದ್ಧವನ್ನು ಕಟುವಾಗಿ ಖಂಡಿಸಿದರು. ೨೦೦೫ರಲ್ಲಿ ಇಲಾಖೆಯು ವಿಚಾರಣೆ ಹೂಡಿತು. ೨೦೦೭ರಲ್ಲಿ, ಆ ಉಪದೇಶವು ನಿಯಮಕ್ಕೆ ವಿರುದ್ಧವೆಂದು ಹೇಳಿ, ಯಾವ ಕ್ರಮವನ್ನೂ ಕೈಕೊಳ್ಳದೆ ಮುಗಿಸಿತು. ಯಾವ ಮಾತು ವಿರುದ್ಧವೆಂಬುದನ್ನು ಬಿಡಿಸಿ ಹೇಳಲಿಲ್ಲ. ತಪ್ಪೆಂದು ಹೇಳಿ ತಪ್ಪನ್ನು ತೋರಿಸದ ನಿರ್ಣಯವು ಗುರುವಿನ ಬಾಯಲ್ಲಿಯೂ ಸಲ್ಲದು, ರಾಜ್ಯದ ಬಾಯಲ್ಲಿ ಹೇಗೆ ಸಲ್ಲುವುದು?

ಇನ್ನೊಂದು ಕಡೆ, ೨೦೦೮ರ ಸೆಪ್ಟೆಂಬರ್ ೨೮ರಂದು ೩೩ ಮಂದಿ ಪಾದ್ರಿಗಳು ಬೇಕೆಂದೇ ವೇದಿಕೆಯಿಂದ ಉಮೇದುವಾರರ ಹೆಸರೆತ್ತಿ ಉಪದೇಶಿಸಿ, ನ್ಯಾಯಾಲಯದಲ್ಲಿ ವ್ಯಾಜ್ಯವಾಗಲೆಂದು ಆ ಉಪದೇಶಗಳನ್ನು ತಾವೇ ಇಲಾಖೆಗೆ ಕಳುಹಿಸಿಕೊಟ್ಟರು. ಮುಂದಿನ ವರ್ಷಗಳಲ್ಲಿ ಇಂಥವರ ಸಂಖ್ಯೆ ನೂರುಗಟ್ಟಲೆ ಬೆಳೆಯಿತು. ಇಲಾಖೆಯು ಅವರನ್ನು ನ್ಯಾಯಾಲಯಕ್ಕೆ ಎಳೆಯಲಿಲ್ಲ. ಚರ್ಚಿನ ಲೆಕ್ಕವನ್ನು ಪರೀಕ್ಷಿಸಬೇಕಾದರೆ ಉನ್ನತ ಪದವಿಯ ಅಧಿಕಾರಿಯೇ ಮೊದಲು ನಿರ್ಧರಿಸಬೇಕೆಂಬ ರಕ್ಷಣೆಯನ್ನು ೧೯೮೪ರ ಕಾಯಿದೆಯು ಕೊಟ್ಟಿತ್ತು. ೨೦೦೯ರಲ್ಲಿ ಮಿನೆಸೋಟ ಪ್ರಾಂತದ ಒಂದು ಮೊಕದ್ದಮೆಯಲ್ಲಿ, ಇಲಾಖೆಯವರು ಗೊತ್ತುಮಾಡಿದ್ದ ಅಧಿಕಾರಿಯ ಪದವಿಯು ಅಷ್ಟು ಉನ್ನತವಲ್ಲವೆಂದು ನ್ಯಾಯಾಲಯವು ಹೇಳಿದ ಮೇಲೆ ಪರೀಕ್ಷೆಗಳು ಬಹುಮಟ್ಟಿಗೆ ನಿಂತುಹೋದುವು. ಹೀಗೆ ಭೀರುಗಳು ನಿಯಮಕ್ಕೆ ಅಂಜಿ ಸುಮ್ಮನಿದ್ದರು. ಧೈರ್ಯಶಾಲಿಗಳು ಮೀರಿ ಕುಶಲವಾಗಿದ್ದರು.

೨೦೧೭ರ ಮೇ ೪ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪರು ಈ ವಿಷಯದಲ್ಲಿ ಇಲಾಖೆಯ ಕೈಯನ್ನು ಸಡಿಲಿಸುವ ಆಜ್ಞೆಯೊಂದನ್ನು ಹೊರಡಿಸಿದರು. ಅದೇ ವರ್ಷ ಪ್ರತಿನಿಧಿಸಭೆಯು ತೆರಿಗೆಯ ಮಸೂದೆಯಲ್ಲಿ ನಿಯಮವನ್ನು ಸಡಿಲಿಸಲು ಯತ್ನಿಸಿತು. ಸೆನೆಟಿನ ಕಾರ್ಯಕಲಾಪದ ನಿ‌ಯಮಗಳಿಗೆ ಹೊಂದದೆ ಅದು ಬಿಟ್ಟುಹೋಯಿತು. ೨೦೨೪ರಲ್ಲಿ ಧಾರ್ಮಿಕ ಪ್ರಸಾರಕರ ಸಂಘವೂ ಟೆಕ್ಸಾಸಿನ ಎರಡು ಚರ್ಚುಗಳೂ ಮೊಕದ್ದಮೆ ಹೂಡಿದುವು. ೨೦೨೫ರ ಜುಲೈ ೭ರಂದು ಇಲಾಖೆಯು ವಾದಿಗಳೊಡನೆ ಕೂಡಿ ನ್ಯಾಯಾಲಯಕ್ಕೆ ಒಂದು ನಿವೇದನೆಯನ್ನು ಒಪ್ಪಿಸಿತು. ಆರಾಧನೆಯ ಸಂಬಂಧದಲ್ಲಿ, ರೂಢಿಯ ಮಾರ್ಗಗಳಿಂದ, ಧರ್ಮದೃಷ್ಟಿಯಿಂದ ಚರ್ಚು ತನ್ನವರಿಗೆ ಚುನಾವಣೆಯ ವಿಷಯ ಹೇಳಿದರೆ ಅದು ‘ಭಾಗವಹಿಸುವುದೂ’ ಅಲ್ಲ, ‘ಕೈಹಾಕುವುದೂ’ ಅಲ್ಲ. ಮನೆಯವರು ಮನೆಯೊಳಗೆ ಮಾತಾಡಿಕೊಂಡಂತೆ, ಎಂಬುದು ಅದರ ಸಾರ.

ಈ ವ್ಯಾಖ್ಯಾನದಲ್ಲಿ ಒಂದು ಸತ್ಯವುಂಟು. ಭಕ್ತರ ನಡುವೆ ಆಡಿದ ಮಾತಿಗೂ ವೃತ್ತಪತ್ರಿಕೆಯಲ್ಲಿ ಹಣ ಚೆಲ್ಲಿ ಹಾಕಿಸಿದ ಜಾಹೀರಾತಿಗೂ ಭೇದವಿದೆ. ಮೊದಲನೆಯದರಲ್ಲಿ ದ್ರವ್ಯವು ಅಲ್ಪ, ವಾಕ್ಕು ಹೆಚ್ಚು. ನಿಯಮದ ತಾತ್ಪರ್ಯವು ದ್ರವ್ಯದಲ್ಲಿದೆಯೆಂದು ನಾವು ಮೇಲೆ ಸಾಧಿಸಿದುದರಿಂದ ಈ ಭೇದವನ್ನು ನಾವೂ ಒಪ್ಪಬೇಕು. ಆದರೆ ದೋಷವು ಬೇರೆ ಕಡೆ ಇದೆ. ಅದೇ ವಾಕ್ಯವು ಆಸ್ಪತ್ರೆಗೂ, ಅನಾಥಾಲಯಕ್ಕೂ, ವಿದ್ಯಾಪೀಠಕ್ಕೂ ಸಮಾನ. ಅವರೂ ತಮ್ಮ ತಮ್ಮ ಮನೆಯವರೊಡನೆ ಮಾತಾಡುವವರೇ. ಒಂದೇ ಪದಕ್ಕೆ ಒಂದೇ ವಾಕ್ಯದಲ್ಲಿ ಚರ್ಚಿನ ವಿಷಯದಲ್ಲಿ ಒಂದು ಅರ್ಥ, ಅನಾಥಾಲಯದ ವಿಷಯದಲ್ಲಿ ಇನ್ನೊಂದು ಅರ್ಥ ಮಾಡಿದರೆ ವಾಕ್ಯಭೇದವೆಂಬ ದೋಷ ಬರುತ್ತದೆ. ಇದು ಕೇವಲ ಪಂಡಿತರ ಆಕ್ಷೇಪಣೆಯಲ್ಲ. ಚರ್ಚು ದೊಡ್ಡ ವರ್ಗದಲ್ಲಿ ಒಂದಾಗಿ ನಿಂತಿರುವುದರಿಂದಲೇ ಅದರ ಕರಮುಕ್ತಿಯು ಪಕ್ಷಪಾತವಲ್ಲವೆಂದು ೧೯೭೦ರ ತೀರ್ಪು ಹೇಳಿತಷ್ಟೆ. ಧಾರ್ಮಿಕ ಪತ್ರಿಕೆಗಳಿಗೆ ಮಾತ್ರ ಮಾರಾಟದ ತೆರಿಗೆಯನ್ನು ಬಿಟ್ಟಿದ್ದ ಟೆಕ್ಸಾಸಿನ ಕಾಯಿದೆಯನ್ನು ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿದ್ದೂ ಇದೇ ಕಾರಣದಿಂದ. ಕಟ್ಟಿನಿಂದ ಚರ್ಚೊಂದನ್ನೇ ಹೊರಗೆ ತಂದರೆ, ಅದನ್ನು ಇಷ್ಟು ಕಾಲ ಕಾಪಾಡಿದ ವರ್ಗದಿಂದಲೂ ಹೊರಗೆ ತಂದಂತಾಗುತ್ತದೆ. ನಾಲಗೆಯನ್ನು ಬಿಡಿಸಹೋಗಿ ನೆಲೆಯನ್ನು ಕಳೆದುಕೊಳ್ಳುವ ಸಂಭವವುಂಟು.

ನಮ್ಮ ದೇಶದ ಕಾಯಿದೆಯು ಇದಕ್ಕೆ ಭಿನ್ನವಾದ ದಾರಿಯನ್ನು ಹಿಡಿದಿದೆ. ೧೯೮೮ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ನಿವಾರಣೆಯ ಕಾಯಿದೆಯು, ದೇವಸ್ಥಾನ, ಮಠ, ಮಸೀದಿ, ಚರ್ಚು ಯಾವುದೇ ಆಗಲಿ, ಅದರ ಆವರಣವನ್ನೂ ನಿಧಿಯನ್ನೂ ರಾಜಕೀಯಕ್ಕೆ ಬಳಸಬಾರದೆಂದು ನೇರವಾಗಿ ಹೇಳುತ್ತದೆ. ಮೀರಿದವರಿಗೆ ಕಾರಾಗೃಹವಾಸದ ದಂಡವನ್ನೂ ವಿಧಿಸುತ್ತದೆ. ಅದು ಸ್ಪಷ್ಟವಾಗಿ ಪ್ರತಿಷೇಧ. ತೆರಿಗೆಯ ಮಾತೇ ಅಲ್ಲಿಲ್ಲ. ಕರ್ಣಾಟಕದ ದೇವಾಲಯ ಮಠಗಳಿಗೂ ಅನ್ವಯಿಸುವುದು ಈ ಪ್ರತಿಷೇಧವೇ. ಎರಡರಲ್ಲಿ ಯಾವುದು ಮೇಲೆಂದು ನಿರ್ಣಯಿಸುವುದಕ್ಕೆ ಮುಂಚೆ ಎರಡರ ಜಾತಿಯು ಬೇರೆಯೆಂಬುದನ್ನು ತಿಳಿಯಬೇಕು. ಪ್ರತಿಷೇಧಕ್ಕೆ ಹೆದರಿಕೆಯೇ ಆಧಾರ. ಪರ್ಯುದಾಸಕ್ಕೆ ಆಯ್ಕೆಯೇ ಆಧಾರ.

ಪ್ರವರಸೇನನ ತಾಮ್ರಪಟಕ್ಕೆ ಮರಳಿ ಹೋಗೋಣ. ಅಲ್ಲಿಯ ಸಮಯಗಳು ಕಠಿನವಾಗಿದ್ದರೂ ಒಂದು ಗುಣವಿತ್ತು: ಕೊಡುವಾಗಲೇ, ಪಡೆಯುವವರ ಮುಂದೆಯೇ, ತಾಮ್ರದ ಮೇಲೆ ಅವನ್ನು ಕೆತ್ತಿಸಿದರು. ಅಮೆರಿಕದ ಚರ್ಚುಗಳಿಗೆ ಕರಮುಕ್ತಿಯು ಮೊದಲು ಬಂದಿತು. ಸಮಯವು ಬಹುಕಾಲದ ಮೇಲೆ, ಅವರ ಹೆಸರನ್ನೇ ಎತ್ತದೆ, ಒಂದು ಮಧ್ಯಾಹ್ನದ ಸಭೆಯಲ್ಲಿ ಬಂದಿತು. ಅದರ ಅರ್ಥವು ಅದಕ್ಕಿಂತಲೂ ತಡವಾಗಿ, ಸರಕಾರ ಬದಲಾದಂತೆಲ್ಲ ಬದಲಾಗುತ್ತ ಬಂದಿತು. ಸಮಯವನ್ನು ಇಡುವುದೂ ತೆಗೆಯುವುದೂ ಶಾಸನಸಭೆಗೆ ಸೇರಿದ್ದು. ಅದು ಚರ್ಚು, ಆಸ್ಪತ್ರೆ, ವಿದ್ಯಾಶಾಲೆಗಳನ್ನೆಲ್ಲ ಒಂದೇ ಕಣ್ಣಿನಿಂದ ನೋಡಿ, ಹಣದ ಮೇರೆಯನ್ನೂ ಮಾತಿನ ಮೇರೆಯನ್ನೂ ಬೇರೆ ಬೇರೆಯಾಗಿ ಬರೆದಿಟ್ಟರೆ, ಉಪದೇಶಿಸುವವನಿಗೂ ತೆರಿಗೆ ಕೊಡುವವನಿಗೂ ತಮ್ಮ ತಮ್ಮ ಮೇರೆಯು ತಿಳಿದಂತಾಗುತ್ತದೆ. ಅಲ್ಲಿಯ ವರೆಗೆ ಅಲ್ಲಿಯ ಪಾದ್ರಿಯು ವೇದಿಕೆಯನ್ನು ಹತ್ತುವಾಗ ತನ್ನ ಧರ್ಮವೇನೆಂದು ಯೋಚಿಸುವುದರೊಡನೆ, ಈ ವರ್ಷದ ಇಲಾಖೆಯ ಮನಸ್ಸೇನೆಂದೂ ಯೋಚಿಸಬೇಕಾಗುತ್ತದೆ. ಇದು ಧರ್ಮಕ್ಕೂ ಕ್ಷೇಮವಲ್ಲ, ರಾಜ್ಯಕ್ಕೂ ಗೌರವವಲ್ಲ.